ದೇವರಮನೆಯ ಹೊಸಿಲು

ಅಮ್ಮಣ್ಣಿ ವಾಕರನ್ನು ದೇವರಮನೆಯ ಹೊರಗೇ ಬಿಟ್ಟು, ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು. ಮಗ ಸುದರ್ಶನನಿಗೆ ತನ್ನ ತಪ್ಪು ಗೊತ್ತಾದದ್ದು ಆಗಲೇ.

ಅವನು ವೃದ್ಧರ ವೈದ್ಯ. ಡೆನ್ಮಾರ್ಕಿನಲ್ಲಿ ತರಬೇತಿ ಪಡೆದು ಬಂದು, ಇಂದಿರಾನಗರದ ತನ್ನ ಆಸ್ಪತ್ರೆಯಲ್ಲಿ ಅಲ್ಲಿನ ಪದ್ಧತಿ ಶುರು ಮಾಡಿದ್ದ. ನಿಶ್ಶಕ್ತರಾದ ಹಿರಿಯರಿಗೆ ಎಲ್ಲವನ್ನೂ ಮಾಡಿಕೊಡಬಾರದು. ಅವರು ಬಯಸಿದ ಒಂದು ಕೆಲಸವನ್ನು ಅವರೇ ಮಾಡಬೇಕು, ಮನೆಯವರು ಕೈ ಹಿಂದೆ ಕಟ್ಟಿ ನಿಲ್ಲಬೇಕು. ಬಿದ್ದು ಸೊಂಟದ ಕೀಲು ಬದಲಿಸಿಕೊಂಡ ಅಮ್ಮಣ್ಣಿ ಬಯಸಿದ್ದು ಸಂಜೆಯ ದೀಪ ಹಚ್ಚುವುದನ್ನು. ಆಸ್ಪತ್ರೆಯ ಸಪಾಟು ನೆಲದ ಮೇಲೆ ಚೆನ್ನಾಗಿಯೇ ನಡೆದಿದ್ದರು. ಜೋಗುಪಾಳ್ಯದ ಈ ಮನೆಯಲ್ಲಿ ದೇವರಮನೆಗೆ ಎತ್ತರದ ಹೊಸಿಲಿದೆ ಎಂಬುದನ್ನು, ಚಿಕ್ಕಂದಿನಿಂದ ದಾಟುತ್ತಿದ್ದ ಅವನೇ ಮರೆತಿದ್ದ.

“ಹೊಸಿಲ ಮೇಲೆ ಕಾಲಿಟ್ಟು ಇಳಿಯಮ್ಮ.”

“ಲಕ್ಷ್ಮಿ ಮೇಲೆ ಕಾಲಿಡ್ಲಾ? ಓದಿದೋನು ಆಡೋ ಮಾತೇನೋ ಇದು?”

ಬಲಗಾಲು ದಾಟಿತು. ಆಪರೇಷನ್ ಆದ ಎಡಗಾಲು ಮೇಲೇಳಲಿಲ್ಲ. ಹೊಸಿಲಿನ ಆಚೆ ಒಂದು, ಈಚೆ ಒಂದು ಕಾಲಿಟ್ಟು ಅವರು ನಿಂತುಬಿಟ್ಟರು. ಮೊಣಕಾಲು ಅದುರತೊಡಗಿತು. ಎರಡನೆಯ ಸಲ ಬಿದ್ದವರು ಹಾಸಿಗೆ ಬಿಟ್ಟೇಳದೆ ಹೋದದ್ದನ್ನು ಸುದರ್ಶನ ಬಹಳ ಕಂಡಿದ್ದ.

“ಹಿಡ್ಕೊಳ್ರಿ,” ಹೆಂಡತಿ ಆಶ್ರಿತಾ ಪಿಸುಗುಟ್ಟಿದಳು. “ನಿಮ್ಮ ರೂಲ್ಸೆಲ್ಲ ಆಮೇಲೆ.”

“ಈಗ ಹಿಂದಿಂದ ಎಳೆದ್ರೆ ಕೀಲೇ ಜಾರಬಹುದು.”

“ಆ ದೇಶದೋರು ಇಂಥಾ ಕಡೆ ಏನ್ಮಾಡ್ತಾರೋ?” ಅಮ್ಮಣ್ಣಿ ತಿರುಗದೆ ಕೇಳಿದರು. ದನಿ ಸಣ್ಣಗಾಗಿತ್ತು.

“ನಾನು ನೋಡಿದ ಮನೆಗಳಲ್ಲಿ ಹೊಸಿಲೇ ಇರ್ಲಿಲ್ಲಮ್ಮ.”

“ಹಾಗಾದ್ರೆ ನೀನೇ ಹೇಳು. ಬೇಗ ಹೇಳಪ್ಪ, ಕೈ ಸೋಲ್ತಿದೆ.”

ಅವನು ಅವರ ಹಿಂದೆ ಮಂಡಿಯೂರಿದ. ಅವರು ಮುಂದಕ್ಕೆ ಬಿದ್ದರೆ ಇಲ್ಲಿಂದ ಹಿಡಿಯಲಾಗದು ಎಂಬುದು ಗೊತ್ತಿತ್ತು.

“ಭಾರ ಬಲಗಾಲಿಗೆ ಬಿಡು. ಮೊಣಕಾಲು ಮಡಿಸು. ಪಾದ ಮಾತ್ರ ನಾನು ದಾಟಿಸ್ತೀನಿ.”

ಪಾದ ಅಂಗೈಯಲ್ಲಿ ತಣ್ಣಗಿತ್ತು. ಬೆರಳುಗಳು ಹೊಸಿಲಿನ ಅರಿಸಿನ ಸವರಿಕೊಂಡು ಆಚೆ ಹೋದವು. ನೆಲಕ್ಕೆ ತಾಗಿದ ಮೇಲೂ, ಭಾರ ಬೀಳುವ ತನಕ ಅವನು ಕೈ ತೆಗೆಯಲಿಲ್ಲ.

ಒಳಗೆ ಕಡ್ಡಿ ಗೀರಿದ ಸದ್ದಾಯಿತು. ದೀಪ ಹತ್ತಿತು. ಕೈಮುಗಿಯಲು ಅಮ್ಮಣ್ಣಿ ಗೋಡೆಯಾಸರೆಯನ್ನೂ ಬಿಟ್ಟರು. ಆಶ್ರಿತಾ ಕಣ್ಣು ಮುಚ್ಚಿಕೊಂಡಳು.

“ಈಗ ವಾಪಸ್ ಬರ್ಬೇಕಲ್ಲೋ, ಸುದರ್ಶನ.”

ಅವನು ನೆಲದಿಂದ ಎದ್ದಿರಲೇ ಇಲ್ಲ.