ಪಂಚೆಯೊಳಗಿನ ಚೀಲ

ಕಾಮಾಲೆ ಇಳಿಯಲೆಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಕರಿಸಿದ್ದಪ್ಪನವರ ಪಕ್ಕೆಲುಬಿನ ಸಂದಿಯಿಂದ ಯಕೃತ್ತಿಗೆ ಒಂದು ತೆಳು ನಳಿಕೆ ಇಳಿಸಿ ಕೆಲವೇ ದಿನಗಳಾಗಿದ್ದವು. ಅದರಿಂದ ಪಿತ್ತ ತೊಟ್ಟಿಕ್ಕಿ ಚೀಲವೊಂದರಲ್ಲಿ ತುಂಬುತ್ತಿತ್ತು. ಚೀಲ ಸಡಿಲವಾಗಿ ತೂಗಬೇಕು, ನಳಿಕೆ ಜಗ್ಗಬಾರದು, ಹೊರಬಂದರೆ ಕೂಡಲೇ ಕರೆತರಬೇಕು, ಒಳದಾರಿ ಬೇಗ ಮುಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಮನೆಯವರಿಗೆ ಬಿಡಿಸಿ ಹೇಳಿದವಳು ಕಡೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸೊಸೆ ಭುವನಾ.

ಅಜ್ಜಂಪುರದ ಛತ್ರದಲ್ಲಿ ಅವಳ ತಮ್ಮನ ನಿಶ್ಚಿತಾರ್ಥ. ಹೊರಡುವ ಮೊದಲು ಚೀಲವನ್ನು ಮಾವನ ಪಂಚೆಯೊಳಗೆ ಉಡಿದಾರಕ್ಕೆ ಕಟ್ಟಿದಳು.

"ಬಿಗಿ ಆಯ್ತು ಕಣಮ್ಮ."

"ಬೀಗರ ಕಣ್ಣಿಗೆ ಬೀಳೋದು ಬೇಡ ಮಾವ. ಒಂದೊತ್ತು ತಡ್ಕಳಿ."

ಮಠದ ಸ್ವಾಮಿಗಳು ಬಂದಾಗ ಎಲ್ಲರೂ ಅಡ್ಡಬಿದ್ದರು. ಬರೀ ಕೈಮುಗಿದು ನಿಲ್ಲುವುದು ಕರಿಸಿದ್ದಪ್ಪನವರಿಗೆ ಗೊತ್ತಿಲ್ಲ. ಉದ್ದಕ್ಕೆ ಮಲಗಿ ಎದ್ದವರು ಪಕ್ಕೆ ಹಿಡಿದುಕೊಂಡೇ ಸೊಸೆಯನ್ನು ಹುಡುಕಿ ಬಂದರು.

"ಒದ್ದೆ ಆಗೈತೆ. ಪೈಪು ಬಂದ್ಬಿಡ್ತು ಅನ್ಸುತ್ತೆ."

ಕೋಣೆಗೆ ಕರೆದೊಯ್ದು ಅಂಗಿ ಎತ್ತಿದಳು. ನಳಿಕೆ ಪೂರ್ತಿ ಹೊರಗಿತ್ತು. ಅತ್ತ ಉಂಗುರದ ಶಾಸ್ತ್ರಕ್ಕೆ ಅಕ್ಕನನ್ನು ಕೂಗುತ್ತಿದ್ದರು. ಹತ್ತಿಯೊತ್ತಿ ಪ್ಲಾಸ್ಟರ್ ಹಚ್ಚಿದಳು.

"ಊಟ ಮುಗೀಲಿ ಮಾವ. ಈಗ ಎದ್ದೋದ್ರೆ ಎಲ್ಲಾ ಕೇಳ್ತಾರೆ."

ಅವರು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು.

ಅವಳೇ ಕಾರು ಓಡಿಸಿಕೊಂಡು ತರೀಕೆರೆ ದಾಟುವಷ್ಟರಲ್ಲಿ ಬಿಸಿಲು ಇಳಿದಿತ್ತು, ಮಾವನಿಗೆ ನಡುಕ ಹತ್ತಿತ್ತು.

"ಯಾವಾಗ ಬಂತು?" ಆಸ್ಪತ್ರೆಯಲ್ಲಿ ಡಾಕ್ಟರ್ ಹೇಮಾವತಿ ಕೇಳಿದರು. "ಈಗಷ್ಟೇ ಆಗಿದ್ರೆ ಹಳೇ ದಾರೀಲೇ ತಂತಿ ಹಾಯಿಸಿ ನೋಡ್ತೀನಿ."

"ಬರ್ತಾ ದಾರೀಲಿ ಕಣವ್ವ. ನಾನೇ ಬಿಗಿಯಾಗಿ ಕಟ್ಕೊಂಡಿದ್ದೆ," ಎಂದರು ಕರಿಸಿದ್ದಪ್ಪ.

ಭುವನಾ ಹೌದೆಂದು ತಲೆಯಾಡಿಸಿದಳು.

ಬಾಗಿಲು ಮುಚ್ಚಿತು. ಒಳಗಿನಿಂದ ನರಳುವುದು ಕೇಳಿಸಿತು. "ಇನ್ನೊಂದ್ಸಲ ನೋಡೋಣ ಯಜಮಾನ್ರೇ, ಅಲ್ಲಾಡ್ಬೇಡಿ." ಮತ್ತೆ ನರಳಾಟ. "ಇನ್ನೊಂದೇ ಒಂದ್ಸಲ." ಅವಳು ಎದ್ದು ಬಾಗಿಲು ಬಡಿದಳು.

"ಬೆಳಿಗ್ಗೇನೇ ಬಂದಿತ್ತು ಮೇಡಂ. ಕಟ್ಟಿದ್ದು ನಾನು. ತಡ ಮಾಡಿದ್ದೂ ನಾನೇ."

ಹೇಮಾವತಿ ಅವಳನ್ನು ನೋಡಿದರು. ಬೈಯಲಿಲ್ಲ.

"ಇಷ್ಟೊತ್ತಿಗೆ ದಾರಿ ಕೂಡ್ಕೊಂಡಿರುತ್ತೆ. ಹುಡುಕಿ ನೋಯ್ಸೋದು ಬೇಡ. ಹೊಸದಾಗಿ ಚುಚ್ತೀನಿ."

ಮುಗಿಸಿ ಹೊರತಂದಾಗ ಕರಿಸಿದ್ದಪ್ಪನವರಿಗೆ ಎಚ್ಚರವಿತ್ತು.

"ಹೇಳ್ಬಿಟ್ಯಂತೆ."

"ಹೂಂ ಮಾವ."

ಅವಳತ್ತ ಮುಖ ತಿರುಗಿಸಿ ಕೇಳಿದರು: "ಊಟಕ್ಕೇನ್ ಮಾಡ್ಸಿದ್ರು?"

"ಹೋಳಿಗೆ."

"ನೀನ್ ಉಂಡ್ಯಾ?"

ಬೀಗರ ಪಕ್ಕದಲ್ಲಿ ಕೂತು, ಎಲೆಯಲ್ಲಿ ಏನೂ ಬಿಡದೆ ಉಂಡಿದ್ದಳು.

"ಉಂಡೆ," ಎಂದಳು.