ಇಪ್ಪತ್ತನಾಲ್ಕು ಪೌಂಡಿನ ಚಕ್ರ

ಎಂಜಿನ್ನು ಬಲ್ಲವರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಅವರು ಯಾರೂ ಬಾಯಿ ಬಿಡಲಿಲ್ಲವಾದ್ದರಿಂದ ಹೇಳುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಬೇಕು.

“ಆ ಹಗುರದ್ದನ್ನ ಅಲ್ಲೇ ಇಡಿ, ಪಾದ್ರಿನೋ. ಭಾರದ್ದು ಕೊಡಿ,” ಎಂದು ಸೊರಾಯ್ದಾ ಕಾರಿನಡಿಯಿಂದ ಕೈ ಚಾಚಿದಳು.

ಅವಳಿಗೆ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ, ಅಲ್ಲಿಯ ಮಾತಿನಲ್ಲಿ ಪಾದ್ರಿನೋ ಆಗಿ, ನಿಂತಿದ್ದ ಚಾಗೊ ಕೊಡಲಿಲ್ಲ. ಎಂಜಿನ್ನಿನ ಬೆನ್ನಿಗೆ ಕೂರುವ ಎರಡು ಫ್ಲೈವೀಲ್ ಚಕ್ರಗಳು ಅವನ ಕಾಲ ಬಳಿ ಇದ್ದವು, ಹಾಕಬೇಕಾದದ್ದು ಒಂದನ್ನೇ. ಒಂದು ಒಂಬತ್ತು ಪೌಂಡು, ಇನ್ನೊಂದು ಇಪ್ಪತ್ತನಾಲ್ಕು.

“ನಿಮ್ಮಪ್ಪ ಟರ್ಬೊ ಕೂರಿಸಿದ್ದು ಹೆಣದ ಮುಂದೆ ತೆವಳೋಕಾ? ಹಗುರದ್ದು ಹಾಕು.”

“ಜನ ನಡೆದು ಬರ್ತಾರೆ, ಗುಡ್ಡ ಬೇರೆ. ಹಗುರದ್ದು ಹಾಕಿದ್ರೆ ಹೆಜ್ಜೆಗೊಂದ್ಸಲ ಎಂಜಿನ್ ನಿಂತುಹೋಗತ್ತೆ. ಊರೆಲ್ಲ ನಗಲಿ ಅಂತಾನಾ?”

ಕೊಯಾಮೊ ಊರಿನಲ್ಲಿ ರೇಸಿನವನು ಸತ್ತರೆ ಅವನ ಕಾರು ಶವದ ಗಾಡಿಗಿಂತ ಮುಂದೆ, ನಡಿಗೆಯ ವೇಗದಲ್ಲಿ ಹೋಗಬೇಕು. ಸ್ಮಶಾನದ ಗೇಟಿನಲ್ಲಿ ಒಂದು ಸಲ ಪೂರಾ ಅಬ್ಬರಿಸಬೇಕು. ಈಗ ತೀರಿಕೊಂಡಿದ್ದ ಅವಳ ಅಪ್ಪ ಎಫ್ರೈನ್ ನಲವತ್ತು ವರ್ಷ ಇನ್ನೊಬ್ಬರ ರೋಟರಿ ಎಂಜಿನ್‌ಗಳನ್ನು, ಅಂದರೆ ಪಿಸ್ಟನ್ ಬದಲು ಒಳಗೆ ಮೂರು ಮೂಲೆಯ ರೋಟರ್ ಸುತ್ತುವಂಥವನ್ನು, ಕಟ್ಟಿದ. ತನ್ನದನ್ನು ಮಾತ್ರ ಮುಗಿಸಲಿಲ್ಲ. ಶವಯಾತ್ರೆ ಹೊರಡುವ ಮಧ್ಯಾಹ್ನ ಮೂರರೊಳಗೆ ಅದನ್ನು ಮುಗಿಸಿ, ಗೇಟಿನಲ್ಲಿ ಒಮ್ಮೆ ಊರಿಗೆ ಕೇಳಿಸಬೇಕೆಂಬುದೊಂದೇ ಸೊರಾಯ್ದಾಳ ಆಸೆ.

ಚಾಗೊ ಕುಕ್ಕರಗಾಲಿನಲ್ಲಿ ಕೂತ. “ಕೇಳು. ಭಾರದ ಚಕ್ರಕ್ಕೆ ರೋಟರ್‌ಗಳನ್ನ ಸರಿದೂಗಿಸೋ ಎದುರುತೂಕ ಎರಕದಲ್ಲೇ ಸೇರಿಕೊಂಡಿದೆ, ಹಗುರದ್ದಕ್ಕಾದ್ರೆ ಬೇಕಾದ್ದನ್ನ ಬೇರೆ ಬಿಗಿಬಹುದು. ಹಳೇ ರೋಟರ್‌ಗೆ ಮಾತ್ರ ಹೊಂದೋದು. ಹೊಸವು ಹಗುರ, ತೂಕ ತಪ್ಪಿ ಜೋರಾಗಿ ಸುತ್ತುವಾಗ ಎಂಜಿನ್ ಅದುರಿ ಒಡೆದುಹೋಗತ್ತೆ. ಒಳಗೆ ಯಾವುದು ಹಾಕಿದಾನೆ?”

“ಹಳೇವು.”

“ನೋಡಿದೀಯಾ?”

“ಅವರೇ ಹೇಳಿದ್ರು.”

ಚಾಗೊ ಭಾರದ ಚಕ್ರವನ್ನು ಎತ್ತಿ ಕೊಟ್ಟ.

* * *

ಹನ್ನೊಂದು ತಿಂಗಳು ಆ ಕಾರು ಗೇರ್‌ಬಾಕ್ಸ್ ಇಳಿಸಿಕೊಂಡು ನಿಂತಿತ್ತು. ಎಫ್ರೈನ್ ದಿನಾ ಬೆಳಿಗ್ಗೆ ಕಾಫಿ ಕುಡಿದು ಎರಡೂ ಚಕ್ರಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದ.

“ಹಗುರದ್ದಾದ್ರೆ ಸುತ್ತು ಬೇಗ ಏರತ್ತೆ, ಆದ್ರೆ ರೇಸಿನ ಗೆರೆ ಬಿಟ್ಟು ಹೊರಡೋವಾಗ ಎಂಜಿನ್ ಸಾಯತ್ತೆ. ಭಾರದ್ದು ಹೊರಡಿಸತ್ತೆ, ಆಮೇಲೆ ಜಗ್ಗತ್ತೆ.”

“ಯಾವುದಾದ್ರೂ ಒಂದು ಹಾಕ್ಬಿಡಿ ಅಪ್ಪಾ.”

“ಹಾಕಿದ ಮೇಲೆ, ಇನ್ನೊಂದೇ ಸರಿ ಇತ್ತು ಅಂತ ಗೊತ್ತಾದ್ರೆ?”

ಪೊನ್ಸೆಯ ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ಕೇಳಿದ್ದಳು, ಒಳಗಿರುವ ರೋಟರ್ ಯಾವುವೆಂದು.

“ಹಳೇವೇ,” ಅಂದ ಎಫ್ರೈನ್. “ಹಳೇವೇ ಗಟ್ಟಿ.” ಸ್ವಲ್ಪ ಹೊತ್ತಿಗೆ, “ಅಮ್ಮ ಕೋಳಿ ಮುಚ್ಚಿದ್ಲಾ ನೋಡು,” ಅಂದ. ಅವನ ತಾಯಿ ತೀರಿಹೋಗಿ ಮೂವತ್ತು ವರ್ಷವಾಗಿತ್ತು.

ಸೊರಾಯ್ದಾ ಎರಡೂ ಮಾತು ಕೇಳಿದಳು. ಚಾಗೊಗೆ ಮೊದಲನೆಯದನ್ನಷ್ಟೇ ಹೇಳಿದಳು.

* * *

ಶವಾಗಾರದ ಅಂಗಳದಲ್ಲಿ ಜನ ಅಲ್ಲಿಯ ರೂಢಿಯಂತೆ ಬಿಸಿ ಚಾಕೊಲೇಟಿಗೆ ಚೀಸ್ ತುಂಡು ಅದ್ದಿ ತಿನ್ನುತ್ತಿದ್ದರು.

“ಎಫ್ರೈನ್ ಶವಪೆಟ್ಟಿಗೆನೂ ಅರ್ಧ ಬಿಚ್ಚಿಟ್ಟಿರ್ತಾನೆ, ನೋಡ್ರೋ,” ಎಂದ ಕ್ಷೌರಿಕ ವೀಸೊ.

“ಬಾಯಿ ಮುಚ್ಚೋ. ಸತ್ತವನ ಹೆಂಡತಿ ಅಲ್ಲೇ ಇದಾಳೆ.”

“ಅವಳೇ ಹೇಳಿದ್ದು ಕಣೋ!”

ಆಗ ಸೊರಾಯ್ದಾ ಓಡಿಸುತ್ತಿದ್ದ ಎಫ್ರೈನನ ಹಳದಿ ಕಾರು ಯಾರೂ ತಳ್ಳದೆ ತನ್ನ ಎಂಜಿನ್ನಿನ ಬಲದಲ್ಲೇ ಬಂತು. ನಗು ನಿಂತಿತು. ವೀಸೊ ಟೋಪಿ ತೆಗೆದ.

ಎಫ್ರೈನನ ಹೆಂಡತಿ ಮಿರ್ತಾ ಮಗಳ ಪಕ್ಕದಲ್ಲಿ ಕೂತಳು. ಕಾರು ಗುಡ್ಡದ ಹಾದಿಯಲ್ಲಿ ಒಮ್ಮೆಯೂ ನಿಲ್ಲದೆ, ಗಾಡಿ ಎಳೆಯುವ ಎತ್ತಿನಂತೆ ಸಮವಾಗಿ ಏರಿತು. ಹಿಂದೆ ಶವದ ಗಾಡಿ, ಅದರ ಹಿಂದೆ ಜನ. ಚಾಗೊ ಕಾರಿನ ಚಾವಣಿಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆಯುತ್ತಿದ್ದ. ಅರ್ಧ ಗುಡ್ಡ ಏರಿದ ಮೇಲೆ ಕಿಟಕಿಗೆ ಬಾಗಿದ.

“ಈ ಅದುರು ಸರಿಯಿಲ್ಲ ಮಗಳೇ. ಗೇಟಲ್ಲಿ ಎಂಜಿನ್ ಏರಿಸಬೇಡ. ಹೀಗೇ ಒಳಗೆ ಹೋಗಿಬಿಡು.”

ಸೊರಾಯ್ದಾಗೂ ಅದು ಸೀಟಿನಲ್ಲಿ ತಿಳಿಯುತ್ತಿತ್ತು. “ಹೊಸ ಎಂಜಿನ್, ಪಾದ್ರಿನೋ. ಸರಿಹೋಗತ್ತೆ.”

“ಸರಿಹೋಗೋ ಅದುರಲ್ಲ ಇದು.”

ಗೇಟು ಬಂತು. ಜನ ಅಕ್ಕಪಕ್ಕ ಸರಿದು ಕಾದರು. ಸೊರಾಯ್ದಾ ತಾಯಿಯ ಕಡೆ ನೋಡಿದಳು.

“ಒಂದ್ಸಲ ಕೇಳಿಸೇ,” ಅಂದಳು ಮಿರ್ತಾ. “ಇಷ್ಟು ವರ್ಷ ಮನೆ ಹಿತ್ತಲಲ್ಲಿ ಬೇರೆಯವರದ್ದೇ ಕೇಳಿದೀನಿ.”

ಸೊರಾಯ್ದಾ ಆಕ್ಸಿಲರೇಟರ್ ಒತ್ತಿದಳು. ದನಿ ಏರಿತು, ಐದು ಸಾವಿರ, ಆರು ಸಾವಿರ ಸುತ್ತು. ಟರ್ಬೊ ಸಿಳ್ಳೆ ಹಾಕಿತು. ಯಾರೋ “ಎಫ್ರೈನ್!” ಎಂದು ಕೂಗಿದರು. ಎಂಟು ಸಾವಿರದ ಹತ್ತಿರ ಕಾರಿನ ಮೈಯೆಲ್ಲ ನಡುಗಿ, ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಒಂದೇ ಸದ್ದು. ಆಮೇಲೆ ಏನೂ ಇಲ್ಲ. ಸೊರಾಯ್ದಾ ಕೀಲಿ ತಿರುಗಿಸಿದಳು. ಮತ್ತೆ ತಿರುಗಿಸಿದಳು.

“ಬಿಡು,” ಅಂದ ಚಾಗೊ. “ಒಳಗೆ ಕಚ್ಚಿಕೊಂಡಿದೆ, ಇನ್ನು ತಿರುಗಲ್ಲ.”

“ನಾನು ಹಗುರದ್ದು ಹಾಕಬೇಕಿತ್ತಾ?”

ಚರ್ಚಿನ ಪಾದ್ರಿ ಗೇಟಿನೊಳಗೆ ಕಾಯುತ್ತಿದ್ದರು. ಕಾರನ್ನು ಬದಿಗೆ ತಳ್ಳಲು ದಾರಿ ಸಾಲದೆ, ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿ ಹೆಗಲ ಮೇಲೆ ಹೊತ್ತು ಕಾರಿನ ಪಕ್ಕದಿಂದ ಸುತ್ತಿಕೊಂಡು ಒಯ್ದರು. ಕಾರಿನಡಿಯಿಂದ ಬಿಸಿ ಎಣ್ಣೆ ಇಳಿಜಾರಿಗೆ ಹರಿದಿತ್ತು. ಹೊತ್ತವರು, ಹಿಂದಿನವರು, ಮಿರ್ತಾ, ಎಲ್ಲರೂ ಅದನ್ನು ತುಳಿದುಕೊಂಡೇ ಒಳಗೆ ಹೋದರು. ಗೇಟಿನಿಂದ ಗುಂಡಿಯವರೆಗೆ ಬಿಳಿ ಗಾರೆಯ ಮೇಲೆ ಕಪ್ಪು ಹೆಜ್ಜೆಗಳು ಬಿದ್ದವು. ಸೊರಾಯ್ದಾ ಮಾತ್ರ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಕೂತೇ ಇದ್ದಳು.

ಆ ಎಂಜಿನ್ನನ್ನು ಈವರೆಗೆ ಯಾರೂ ಬಿಚ್ಚಿಲ್ಲ. ಒಳಗಿದ್ದವು ಹಳೆಯ ರೋಟರ್‌ಗಳೋ ಹೊಸವೋ, ಹಗುರದ ಚಕ್ರ ಹಾಕಿದ್ದರೆ ಅದು ಉಳಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.