ಲಾಂಚ್ ಕಚೇರಿಯ ಬಣ್ಣ

ಸದಾಶಿವಗಡದ ಹಳೇ ಲಾಂಚ್ ಕಚೇರಿಯನ್ನು ಮೊದಲಿದ್ದ ಹಾಗೆಯೇ ಉಳಿಸಬೇಕೆಂದು ಸರ್ಕಾರ ತೀರ್ಮಾನಿಸಿದಾಗ, ಅದು ಮೊದಲು ಹೇಗಿತ್ತು ಎಂದು ಹೇಳುವವರೇ ಸಿಗಲಿಲ್ಲ. ಕಾಳಿ ನದಿಗೆ ಸೇತುವೆ ಆಗುವ ಮುಂಚೆ ಜನ ಅಲ್ಲಿ ಟಿಕೆಟ್ ತೆಗೆದುಕೊಂಡು ಆಚೆ ದಡಕ್ಕೆ ಹೋಗುವ ಲಾಂಚಿಗೆ ಕಾಯುತ್ತಿದ್ದರು. ಸೇತುವೆ ಆದ ಮೇಲೆ ಅದು ಸ್ವಲ್ಪ ಕಾಲ ರೇಷನ್ ಅಂಗಡಿಯಾಗಿ, ಆಮೇಲೆ ಬಲೆ ಇಡುವ ಕೋಣೆಯಾಗಿ, ಈಚೆಗೆ ಆಡುಗಳ ಮನೆಯಾಗಿತ್ತು.

ಉಳಿಸುವ ಯೋಜನೆ ಬರೆಯುವ ಕೆಲಸ ಹಬ್ಬುವಾಡದ ಆರ್ಕಿಟೆಕ್ಟ್ ವಿದ್ಯಾಳಿಗೆ ಬಂತು. ಹೆಂಚು, ಮರ, ಕೆಂಪು ಕಲ್ಲು ಎಲ್ಲದರ ಪಟ್ಟಿ ಮುಗಿಯಿತು. ಉಳಿದದ್ದು ಹೊರಗೋಡೆಯ ಬಣ್ಣ. ಊರಿಡೀ ಹುಡುಕಿದ ಮೇಲೆ ಒಂದು ಫೋಟೋ ಸಿಕ್ಕಿತು, ಅದೂ ಕಪ್ಪು ಬಿಳುಪಿನದು.

ಕೊನೆಗೆ ಯಾರೋ ತಿಮ್ಮನ ಹೆಸರು ಹೇಳಿದರು. ಅವನು ಆ ಕಾಲದಲ್ಲಿ ಅಲ್ಲಿ ಮೂಟೆ ಹೊರುತ್ತಿದ್ದವನು. ಅವನ ಅಣ್ಣನ ಹೆಂಡತಿ ನಾಗಮ್ಮನಿಗೂ ಎಲ್ಲ ನೆನಪಿದೆ ಎಂದರು. ವಿದ್ಯಾ ಇಬ್ಬರನ್ನೂ ಒಟ್ಟಿಗೆ ಆ ಕಟ್ಟಡದ ಹತ್ತಿರ ಕರೆಸಿದಳು. ಅದೇ ತಪ್ಪಾಯಿತು.

“ಹಸ್ರು,” ಎಂದ ತಿಮ್ಮ.

“ಹಳದಿ,” ಎಂದಳು ನಾಗಮ್ಮ.

“ಅತ್ಗೆ, ನಾ ಇಲ್ಲಿ ಹತ್ತು ವರ್ಷ ಮೂಟೆ ಹೊತ್ತವ.”

“ಮೂಟೆ ಹೊತ್ತವ ನೆಲ ನೋಡ್ತ. ಗೋಡೆ ನೋಡುದಿಲ್ಲ.” ನಾಗಮ್ಮ ವಿದ್ಯಾಳ ಕಡೆ ತಿರುಗಿದಳು. “ಅಂಕೋಲೆಯಿಂದ ಮದ್ವೆ ಆಗಿ ಬಂದ ದಿವ್ಸ ಲಾಂಚ್ ಇಳ್ದು ಇದೇ ಗೋಡೆಗೆ ಒರಗಿ ನಿಂತೆ ಅಕ್ಕೋರೆ. ಬಣ್ಣ ಇನ್ನೂ ಹಸಿ ಇತ್ತು. ಸೀರೆ ಬೆನ್ನೆಲ್ಲ ಹಳದಿ. ನಮ್ಮತ್ತೆ ಸಾಯೂತನಕ ಅದನ್ನೇ ಹೇಳ್ತಿತ್ತು.”

“ಅದು ಅರಿಶಿಣ,” ಎಂದ ತಿಮ್ಮ.

“ಬೆನ್ನಿಗೆ ಅರಿಶಿಣ ಹಚ್ಚೂಕೆ ನಾ ಎಂತ ಬಂಗಡೆ ಮೀನಾ?”

ವಿದ್ಯಾ ಚೀಲದಿಂದ ಸಣ್ಣ ಚಾಕು ತೆಗೆದು ಕಿಟಕಿಯ ಪಕ್ಕ ಗೋಡೆ ಕೆರೆಯತೊಡಗಿದಳು. ಗುಲಾಬಿ ಬಂತು, ನೀಲಿ ಬಂತು, ಬಿಳಿ ಬಂತು. ಅದರಡಿ ಹಸಿರು. ತಿಮ್ಮ ಎದೆ ಸೆಟೆಸಿ ನಿಂತ.

“ಬರ್ಕಳಿ,” ಎಂದ.

ವಿದ್ಯಾ ಇನ್ನೊಂದು ಸಲ ಕೆರೆದಳು. ಹಳದಿ. ನಾಗಮ್ಮ ಮೆಟ್ಟಿಲ ಮೇಲೆ ಕೂತು ಸಂಚಿ ಬಿಚ್ಚಿ, ನಿಧಾನಕ್ಕೆ ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು. ಅವಳು ಏನಾದರೂ ಅಂದಿದ್ದರೇ ತಿಮ್ಮನಿಗೆ ವಾಸಿಯಿತ್ತು.

“ಇಬ್ಬರು ಹೇಳಿದ್ದೂ ಸರಿ,” ಎಂದಳು ವಿದ್ಯಾ. “ಆದರೆ ಒಂದು ವಿಚಿತ್ರ. ಹಳದಿಯ ಮೇಲೆ ಚೂರೂ ಧೂಳಿಲ್ಲ. ಹಚ್ಚಿದ ವಾರದೊಳಗೇ ಯಾರೋ ಅದರ ಮೇಲೆ ಹಸಿರು ಬಳಿದಿದ್ದಾರೆ. ಯಾಕೆ ಅಜ್ಜಾ?”

ತಿಮ್ಮ ನದಿಯ ಕಡೆ ತಿರುಗಿಕೊಂಡೇ ಹೇಳಿದ.

“ನಾನೇ ಬಳ್ದದ್ದು. ಗೋಡೆ ಮೇಲೆ ಬೆನ್ನಿನ ಗುರ್ತು ಬಿದ್ದಿತ್ತು. ಜಡೆ ಸಮೇತ. ಲಾಂಚಿಗೆ ಬಂದವರೆಲ್ಲ ಅದ್ನ ತೋರ್ಸಿ ನಗಾಡ್ತಿದ್ರು. ಅಣ್ಣ ನಾಚ್ಕೆಂದ ಲಾಂಚ್ ನಿಲ್ಲೂ ದಕ್ಕೆಗೆ ಬರೂದೇ ಬಿಟ್ಟ. ಹಳದಿ ಮುಗ್ದೋಗಿತ್ತು, ದೋಣಿಗೆ ತಂದ ಹಸ್ರು ಇತ್ತು. ಗುರ್ತಿನ ಮೇಲೆ ಮಾತ್ರ ಬಳ್ದೆ. ಅದು ಹಸ್ರು ಬೆನ್ನಾಗಿ ಇನ್ನೂ ಚೆಂದ ಕಾಣೂಕೆ ಹತ್ತಿತು. ಮತ್ತೆ ಇಡೀ ಗೋಡೆ ಬಳೀಬೇಕಾಯ್ತು.”

ನಾಗಮ್ಮನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

“ಇಷ್ಟು ವರ್ಷ ಎಂತಕೆ ಹೇಳ್ಲಿಲ್ಲ?”

“ಹೇಳಿದ್ರೆ ಜನ ನಗಾಡಿದ್ದು ನಿಂಗೆ ಗೊತ್ತಾಗ್ತಿತ್ತಲ್ಲ ಅತ್ಗೆ.”

ಅವಳು ಎದ್ದು ಹೋಗಿ ಕೆರೆದ ಜಾಗವನ್ನು ಹತ್ತಿರದಿಂದ ನೋಡಿದಳು. ಹಸಿರನ್ನು ಬೆರಳಿನಿಂದ ಮುಟ್ಟಿದಳು.

“ಅಕ್ಕೋರೆ, ಹಸ್ರೇ ಬರ್ಕಳಿ.”

“ಅದು ಆಗೂದಿಲ್ಲ,” ಎಂದ ತಿಮ್ಮ. “ಹಳದಿಯೇ ಮೊದ್ಲು. ಇದು ಸರ್ಕಾರದ ಕೆಲ್ಸ.”

“ನೀ ಕಷ್ಟಪಟ್ಟು ಬಳ್ದದ್ದು ಹಾಳು ಮಾಡೂದಾ?”

“ಹಾಳಾಗ್ಲಿ. ನೀ ಹೇಳಿದ್ದೇ ಖರೆ.”

“ನಾ ಎಂತದೂ ಹೇಳ್ಲಿಲ್ಲ.”

ಮಧ್ಯಾಹ್ನದವರೆಗೂ ಜಗಳ ನಡೆಯಿತು. ಮೊದಲಿಗಿಂತ ಜೋರಾಗಿತ್ತು. ವಿದ್ಯಾ ಕಾಯುವಷ್ಟು ಕಾದು, ಹೊರಗೋಡೆಗೆ ಹಳದಿ, ಕಿಟಕಿಯ ಪಕ್ಕ ಒಂದಾಳಿನ ಅಗಲ ಹಸಿರು ಎಂದು ಬರೆದಳು. ತಿಂಗಳಾದ ಮೇಲೆ ಫೈಲು ವಾಪಸ್ ಬಂತು. ಹಸಿರು ಯಾಕೆ ಎಂದು ಕೇಳಿದ್ದರು. ಅವಳು ಎರಡು ಪುಟ ಬರೆದು ಹರಿದಳು. ಕೊನೆಗೆ ‘ಸ್ಥಳೀಯ ಕಾರಣ’ ಎಂದಷ್ಟೇ ಬರೆದು ಕಳಿಸಿದಳು. ಮಂಜೂರಾಯಿತು.